ವರಾಂಡದ ದ್ರಾಕ್ಷಿ

ಇವತ್ತು ಬೆಳಿಗ್ಗೆ ನಮ್ಮವಳು ಶಿರಾಕ್ಕೆಂದು ತುಪ್ಪದಲ್ಲಿ ಒಣದ್ರಾಕ್ಷಿ ಹುರಿದಳು. ನಿಮಗಾದರೆ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ. ಪಿತ್ತದಿಂದಲ್ಲ, ಶಾಲಿನಿ ಅಕ್ಕೋರಿಂದ.

ಅಥಣಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಏಳನೆಯ ಇಯತ್ತೆಗೆ ವಿಜ್ಞಾನ ಕಲಿಸುತ್ತಿದ್ದೆವು. ‘ಅ’ ವಿಭಾಗ ನನ್ನದು, ‘ಬ’ ಅಕ್ಕೋರದು. ಹೆಡ್‌ಮಾಸ್ತರರ ಕಿಸೆಯಲ್ಲಿ ಮಾತ್ರ ಮೊಬೈಲು ಇದ್ದ ಕಾಲ ಅದು. ಬಾಷ್ಪೀಕರಣದ ಪಾಠವನ್ನು ನಾನು ಒಂದೇ ತಾಸಿನಲ್ಲಿ ಮುಗಿಸಿದೆ. ವ್ಯಾಖ್ಯೆ, ಉದಾಹರಣೆ, ಬಾಯಿಪಾಠ. ಸುಳ್ಳೇಕೆ, ಚೆನ್ನಾಗಿಯೇ ಹೇಳುತ್ತಿದ್ದೆ. ಅಕ್ಕೋರು ಗಡಿಯ ಭೋಜ ಊರಿನವರು, ಅರ್ಧ ಮಾತು ಮರಾಠಿ. ಅವರು ಪುಸ್ತಕವನ್ನೇ ತೆರೆಯಲಿಲ್ಲ. ತೋಟದಿಂದ ದ್ರಾಕ್ಷಿ ತರಲು ಹೇಳಿ, “ಹೆಂಗ ಒಣಗಸೂದು, ನೀವ ಠರಾಸ್ರಿ” ಎಂದು ತೀರ್ಮಾನವನ್ನು ಮಕ್ಕಳಿಗೇ ಬಿಟ್ಟುಬಿಟ್ಟರು.

ವರಾಂಡದ ತುಂಬ ದ್ರಾಕ್ಷಿಯೋ ದ್ರಾಕ್ಷಿ. ಒಬ್ಬ ಹಳೆಯ ಸೊಳ್ಳೆಪರದೆಯ ಮೇಲೆ ನೆರಳಿನಲ್ಲಿ ಹರವಿದ, ಒಬ್ಬಳು ತಗಡಿನ ಮೇಲೆ ಬಿಸಿಲಿಗಿಟ್ಟಳು. ಯಾರದು ಕಪ್ಪಾಯಿತು, ಯಾರದು ಹಸಿರಾಗಿಯೇ ಉಳಿಯಿತು ಎಂದು ದಿನವೂ ಗದ್ದಲ. ನನ್ನ ಕ್ಲಾಸಿನ ಮೂಗುಗಳೆಲ್ಲ ಕಿಟಕಿಯ ಕಡೆ ತಿರುಗಿದವು. ನೊಣದ ಕಾಟವೆಂದು ದೂರಲು ಹೋದರೆ ಹೆಡ್‌ಮಾಸ್ತರರು ನನ್ನ ಅಂಗೈಗೂ ಒಂದು ಹಿಡಿ ಹಾಕಿ, “ತಿಂದ ನೋಡ್ರಿ ಸರ, ನಮ್ಮ ಹುಡುಗೂರ ಮಾಡ್ಯಾರ” ಎಂದರು. ತಿಂದೆ. ಸಿಹಿಯಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ನನ್ನ ಮಗಳು ಸುಮಾ ‘ಬ’ ವಿಭಾಗದಲ್ಲಿದ್ದಳು. ಗೋಣಿಚೀಲ ಮುಚ್ಚಿ ಇಟ್ಟಿದ್ದ ಅವಳ ದ್ರಾಕ್ಷಿಗೆ ಬೂಷ್ಟು ಬಂತು. ಊಟಕ್ಕೆ ಕೂತಾಗ ಮೋರೆ ಸಪ್ಪಗಿತ್ತು. ಕೊನೆಗೂ ನನ್ನ ಅಗತ್ಯ ಬಿತ್ತು ಎಂದುಕೊಂಡು ಗಂಟಲು ಸರಿಮಾಡಿಕೊಂಡೆ. “ಅದೇನಂದ್ರವಾ, ಗಾಳಿ...” ಎನ್ನುವಷ್ಟರಲ್ಲಿ ಎಂಜಲುಗೈಯಲ್ಲೇ ನನ್ನ ಬಾಯಿ ಮುಚ್ಚಿದಳು.

“ಪಪ್ಪಾ, ನೀ ಹೇಳಬ್ಯಾಡ! ನೀ ಹೇಳಿದ್ರ ಮುಗದ ಹೋಗ್ತೈತಿ.”

ಹೆಂಡತಿ ನಕ್ಕಳು. ಊರಿಗೆ ಊರೇ ಏನಾದರೂ ಕೇಳಲು ನನ್ನ ಬಾಗಿಲಿಗೆ ಬರುತ್ತಿತ್ತು, ಮಗಳು ಮಾತ್ರ ಬರಲೊಲ್ಲಳು. ಅವಳು ನನ್ನನ್ನು ಕೇಳಬೇಕು, ನನಗೆ ಬೇಕಿದ್ದದ್ದು ಅದೊಂದೇ. ಅದನ್ನೂ ಅಕ್ಕೋರು ಕಸಿದುಕೊಂಡರು ಎನಿಸಿತು.

ಮರುವರ್ಷ ಹಟಕ್ಕೆ ಬಿದ್ದು ನಾನೂ ದ್ರಾಕ್ಷಿ ತರಿಸಿದೆ. ಮಕ್ಕಳು ತಪ್ಪು ಮಾಡಬಾರದಲ್ಲ! ಮೊದಲ ದಿನವೇ ಬೋರ್ಡಿನ ಮೇಲೆ ‘ತೀರ್ಮಾನ’ ಬರೆದು ಎಲ್ಲರಿಂದ ನಕಲು ಮಾಡಿಸಿದೆ. ಅಷ್ಟೊತ್ತಿಗೆ ಹೈಸ್ಕೂಲು ಸೇರಿದ್ದ ಸುಮಾ, ನಾನು ಮನೆಗೆ ತಂದ ಹಾಳೆಗಳನ್ನು ತಿರುವಿ ಹಾಕಿ ಕೇಳಿದಳು: “ಪಪ್ಪಾ, ಎಲ್ಲಾರ ದ್ರಾಕ್ಷಿನೂ ಒಂದೇ ದಿವಸ ಒಣಗಿದ್ವೇನ?” ನಿಜ ಹೇಳಬೇಕೆಂದರೆ ಆಗಿನ್ನೂ ಯಾರದೂ ಒಣಗಿರಲಿಲ್ಲ.

ನಾನೀಗ ನಿವೃತ್ತ, ಸುಮಾ ಕುಡಚಿಯಲ್ಲಿ ಟೀಚರ್. ಶಿರಾದ ಡಬ್ಬಿ ಕೊಡುವ ನೆಪದಲ್ಲಿ ಮಧ್ಯಾಹ್ನ ಅವಳ ಶಾಲೆಗೆ ಹೋದೆ. ಮಕ್ಕಳು ಬಾಟಲಿಗಳಲ್ಲಿ ಹೊಳೆಯ ನೀರು, ಬೋರಿನ ನೀರು ತುಂಬಿ, ಸಾಬೂನು ಹಾಕಿ ಅಲುಗಾಡಿಸುತ್ತಿದ್ದರು. ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು.

“ಅಜ್ಜಾರ, ಹೊಳಿ ನೀರಾಗ ಬುರುಗ ಬರ್ತೈತಿ, ಬೋರಿನ ನೀರಾಗ ಯಾಕ ಬರವಲ್ದರಿ?”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿ ಹಿಡಿದು, “ಯಾಕಿರಬಹುದವಾ? ನಿನಗೇನ ಅನಸ್ತೈತಿ?” ಎಂದೆ.

ಅವಳು ಕೈಯಲ್ಲಿದ್ದ ಬಾಟಲಿಯನ್ನು ಇನ್ನೊಮ್ಮೆ ಅಲುಗಾಡಿಸಿ ನೋಡಿದಳು. “ತಡೀರಿ, ಬಾಂವಿ ನೀರ ತಂದ ನೋಡ್ತೀನಿ” ಎಂದು ಓಡಿದಳು. ಬಂದ ಮೇಲೆ ಎಲ್ಲರೂ ಬಾಟಲಿಯ ಮೇಲೆ ಬಗ್ಗಿದರು. ನನಗೆ ಕಂಡದ್ದು ಬರೀ ಬೆನ್ನುಗಳು. ಅಕ್ಕೋರಿಗೂ ದಿನಾ ಕಂಡದ್ದು ಇಷ್ಟೇ ಇರಬೇಕು. ಎಂದೂ ಯಾರೂ ಅವರ ಸುತ್ತ ನಿಂತಿರಲಿಲ್ಲ. ಆ ಸಾಬೂನಿನ ಬಾಟಲಿಯ ಮೇಲೆ ನನಗೆ ಬಂದ ಅಸೂಯೆ ಅಷ್ಟಿಷ್ಟಲ್ಲ.

ಸುಮಾ ಬಂದು ಪಕ್ಕದಲ್ಲಿ ನಿಂತಳು. ತಡೆಯಲಾರದೆ ಕೇಳಿದೆ: “ಹೇಳಿಬಿಡಬೇಕ ಅನಸೂದಿಲ್ಲೇನವಾ ನಿನಗ?”

“ದಿನಾ ಅನಸ್ತೈತಿ ಪಪ್ಪಾ,” ಎಂದಳು. “ನಿನ್ನ ಮಗಳಲ್ಲೇನ ನಾ?”