ಅಡಿಯ ಚೀಲ ಎಳೆಸಿದವನು ನಾನು

ಶಹಾಪುರದ ಭತ್ತದ ಗೋದಾಮಿನಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ಪೇರಿಸಿದ ಚೀಲಗಳ ಥಪ್ಪಿಯನ್ನು ಮೇಲಿನಿಂದಲೇ ಇಳಿಸಬೇಕೆಂಬುದು ನನಗೆ ಗೊತ್ತಿತ್ತು. ಆದರೆ ಖರೀದಿದಾರರಿಗೆ ಹಳೆಯ ಭತ್ತ ಬೇಕು, ಅದು ಯಾವಾಗಲೂ ಅಡಿಯಲ್ಲಿರುತ್ತದೆ. ಅದಕ್ಕೇ ಅಡಿಯ ಚೀಲಕ್ಕೆ ಕೊಕ್ಕೆ ಹಾಕಿ ಎಳೆಯುವ ಕೆಟ್ಟ ರೂಢಿ ನಮ್ಮಲ್ಲಿ ಬೆಳೆದಿತ್ತು.

ಅಂದು ನಮ್ಮ ಹಿರಿಯ ಹಮಾಲ ಒಪ್ಪಲಿಲ್ಲ.

"ಥಪ್ಪಿ ವಾಲ್ಯಾದ್ರಿ ಸಾಹೇಬ್ರ. ಸ್ವಲ್ಪ ತಡೀರಿ, ಮ್ಯಾಲಿಂದ ಇಳಸ್ತೀವಿ."

"ಹೊರಗ ಲಾರಿ ನಿಂತದ. ಹೊಸ ಮದುಮಗನಂಗ ಯಾಕ ಅಂಜತೀ?" ಎಂದೆ.

ಉಳಿದವರು ನಕ್ಕರು. ಆ ನಗೆಗೆ ನಾಚಿ ಅವನು ಕೊಕ್ಕೆ ಹಾಕಿದ. ಇಡೀ ಥಪ್ಪಿ ಅವನ ಕಾಲ ಮೇಲೆ ಕುಸಿಯಿತು.

ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಮಾಲಕರು, "ಕುಡಿದು ಬಂದು ತಾನೇ ಎಳದಾನ್ರಿ" ಎಂದರು. ಅವನು ಕುಡಿದಿರಲಿಲ್ಲ. ನಾನು "ಹೌದ್ರಿ" ಎಂದೆ. ಕಾಲು ಮೊದಲೇ ಹೋಗಿತ್ತು, ನನ್ನ ಮಾತಿನಿಂದ ಪರಿಹಾರವೂ ಹೋಯಿತು.

ಅದಾಗಿ ವರ್ಷಗಳೇ ಕಳೆದಿವೆ. ಕಳೆದ ವಾರ ಕೆಲಸದ ಮೇಲೆ ಹೋಗಿದ್ದ ಸುರಪುರದ ಗೋದಾಮೊಂದರಲ್ಲಿ ಮತ್ತೆ ಅಡಿಯ ಚೀಲ ಎಳೆಯುವುದನ್ನು ಕಂಡೆ. ಬೈದೆ. "ಏನೂ ಆಗಂಗಿಲ್ಲ ಬಿಡ್ರಿ ಯಜಮಾನ್ರ" ಎಂದು ಅಲ್ಲಿನ ಮುನೀಮ ನಕ್ಕ. ನಾನೂ ಹಾಗೆಯೇ ಮಾತಾಡಿದ್ದವನು.

ನೇರ ಹಮಾಲನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವನು ಕೂತಲ್ಲಿಂದಲೇ ಗದರಿದ: "ನಂಗ್ಯಾಕ ಹೇಳ್ತೀರಿ? ನಂಗ ಗೊತ್ತಿಲ್ಲೇನು? ಕಚೇರಿಯಾಗ ಹೇಳ್ರಿ."

ಮರುದಿನ ಯಾದಗಿರಿಗೆ ಹೋಗಿ ಕಾರ್ಮಿಕ ಕಚೇರಿಯಲ್ಲಿ ಹೇಳಿದೆ. ಹಳೆಯ ಪ್ರಕರಣ, ಸುಳ್ಳು ಸಾಕ್ಷಿಗೆ ನೀವೇ ಸಿಕ್ಕಿಬೀಳುತ್ತೀರಿ ಎಂದು ಗುಮಾಸ್ತ ಹೆದರಿಸಿದ. ಬೀಳುತ್ತೇನೆ, ಮೊದಲು ಬರೆದುಕೊಳ್ಳಿ ಎಂದೆ.