ನರ್ಸಮ್ಮನ ಜಪ

ಇಸ್ತ್ರಿ ಗಾಡಿಯವನು ಗಂಜಿ ಹಾಕಿದ ಬಿಳಿ ಸೀರೆಯ ಮೇಲೆ ಕೆಂಡದ ಪೆಟ್ಟಿಗೆ ಒತ್ತಿದಾಗ ಒಂದು ವಾಸನೆ ಏಳುತ್ತದೆ. ತಳ ಹಿಡಿದ ಅನ್ನಕ್ಕೂ ಒದ್ದೆ ಬಟ್ಟೆಗೂ ನಡುವಿನದು. ಕಳೆದ ಭಾನುವಾರ ಚರ್ಚಿನಿಂದ ನಡೆದು ಬರುವಾಗ ಅದು ಮೂಗಿಗೆ ಬಡಿಯಿತು. ಅಲ್ಲಿಯವರೆಗೆ ಸಿಟ್ಟಿನಲ್ಲಿದ್ದ ನನಗೆ ಇದ್ದಕ್ಕಿದ್ದಂತೆ ಅಳು ಬಂತು.

ಸಿಟ್ಟಿಗೆ ಕಾರಣವಿತ್ತು. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸ್ ಆಂಟಿ ತೀರಿಕೊಂಡಿದ್ದರು. ಆ ದಿನ ಚರ್ಚಿನಲ್ಲಿ ನಡೆದದ್ದು ಅವರನ್ನು ನೆನೆಯುವ ಸಭೆ. ಎದ್ದು ನಿಂತವರೆಲ್ಲ ಒಂದೇ ಮಾತು ಹೇಳಿದರು: ಆಸ್ಪತ್ರೆ, ಸಂಸಾರ, ಚರ್ಚಿನ ಕೆಲಸ ಎಷ್ಟೇ ಇರಲಿ, ದಿನವೂ ನಸುಕಿಗೆ ಮುಂಚೆ ಎದ್ದು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರಂತೆ. ನನಗೆ ದೇವರ ಬಗ್ಗೆ ಅನುಮಾನವಿದೆ, ಆಂಟಿಯ ಬಗ್ಗೆ ಇಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಜೊತೆಗೆ ಒಂದು ಚಟವನ್ನೂ ಗಳಿಸಿದ್ದೇನೆ: ಕಣ್ಣಾರೆ ಕಂಡದ್ದಕ್ಕೆ ವಿರುದ್ಧವಾದ ಮಾತು ಕೇಳಿದರೆ ಸುಮ್ಮನಿರಲಾರೆ. ತಮಿಳು ಸೀಮೆಯ ಪೆರಂಬೂರಿನಲ್ಲಿ ನಮ್ಮ ಓಣಿಯ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದೇ ಆ ಹೊತ್ತಿಗೆ. ಆಂಟಿ ಆಗ ಮೊಣಕಾಲ ಮೇಲಿರುತ್ತಿರಲಿಲ್ಲ. ಸೊಂಟದ ಮೇಲೆ ಕೊಡ ಇಟ್ಟುಕೊಂಡು ಸಾಲಿನಲ್ಲಿರುತ್ತಿದ್ದರು.

ಎಪ್ಪತ್ತರ ದಶಕದ ಮಾತು. ಆಂಟಿ ನಮ್ಮಂತೆ ಕನ್ನಡದವರು, ಮಂಗಳೂರಿನ ಕಡೆ. ಗಂಡ ತಮಿಳರು, ರೈಲು ಬೋಗಿ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮನೆಯಲ್ಲಿ ಮಾತು ಬಹುಪಾಲು ತಮಿಳೇ. ನೀರಾದ ಮೇಲೆ ಅಡಿಗೆ, ಅತ್ತೆಗೆ ಔಷಧಿ, ಮಕ್ಕಳ ಜಡೆ, ಆಸ್ಪತ್ರೆ. ಬಂದ ಮೇಲೆ ಹಾಡಿನ ತಂಡ, ಭಾನುವಾರದ ಶಾಲೆ. ಎಲ್ಲಕ್ಕಿಂತ ಹೆಚ್ಚಾಗಿ ಚರ್ಚಿನ ಹೆಂಗಸರ ಸಂಘ. ಅದಕ್ಕೆ ಅವರೇ ಅಧ್ಯಕ್ಷೆ. ಗೋಡೆಯಾಚೆಯಿಂದ ನನಗೆಲ್ಲ ಕೇಳಿಸುತ್ತಿತ್ತು. ಆಂಟಿ ಕಣ್ಣು ಮುಚ್ಚಿ ಕೂತರೆ ಸಾಕು, ಯಾರಾದರೂ ಕರೆಯುತ್ತಿದ್ದರು. "ದೇವರಿಗೆ ಅರ್ಥವಾಗುತ್ತೆ, ಮೊದಲು ನನ್ನ ಟಿಫನ್ ಡಬ್ಬಿ ಎಲ್ಲಿ ಹೇಳು" ಎಂದು ತಮಿಳಿನಲ್ಲಿ ಗಂಡನ ದನಿ. ಆ ಮನೆಯಲ್ಲಿ ಎಲ್ಲರೂ ಭಕ್ತರೇ. ದೇವರು ಕ್ಷಮಿಸುತ್ತಾನೆಂದು ಎಲ್ಲರಿಗೂ ಖಾತ್ರಿಯಿದ್ದದ್ದರಿಂದ, ಪ್ರತಿಸಲ ಬಿಟ್ಟುಕೊಡಬೇಕಾದದ್ದು ಪ್ರಾರ್ಥನೆಯೇ.

ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವರು ತಮ್ಮ ಮನೆಗೆ ಹೋಗದೆ, ಗಂಜಿ ವಾಸನೆಯ ಬಿಳಿ ಸೀರೆಯಲ್ಲೇ ನಮ್ಮ ಜಗಲಿಯ ಮೇಲೆ ನನ್ನ ಅಜ್ಜಿಯ ಎದುರು ಕುಸಿದು ಕೂತರು.

"ಸಾಕಾಯ್ತು ಅಜ್ಜಿ. ಜೆಬಕ್ಕೆ ಒಂದು ಮೂಲೆ ಇಲ್ಲ ನನಗೆ. ಕೂತ ಕೂಡಲೇ ಎಬ್ಬಿಸ್ತಾರೆ."

ಜೆಬ ಎಂದರೆ ತಮಿಳು ಕ್ರೈಸ್ತರ ಬಾಯಲ್ಲಿ ಪ್ರಾರ್ಥನೆ. ನಮ್ಮ ಅಜ್ಜಿಗೆ ಕೇಳಿಸಿದ್ದು ಜಪ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯಯ್ಯೋ, ಜಪಕ್ಕೆ ಕೂತೋರನ್ನ ಎಬ್ಬಿಸ್ತಾರೆಯೇ? ಎಂಥಾ ಜನ! ಏಳು, ಒಳಗೆ ಬಾ."

ಮಡಿ ಎಂದು ನಮ್ಮನ್ನೇ ದೂರವಿಡುತ್ತಿದ್ದವಳು ಆಸ್ಪತ್ರೆಯಿಂದ ಬಂದವರನ್ನು ಹಾಗೇ ಒಳಕೋಣೆಗೆ ಕರೆದೊಯ್ದು, ಅಕ್ಕಿ ಡಬ್ಬದ ಪಕ್ಕ ಮಣೆ ಹಾಕಿ, ಪೂರ್ವಕ್ಕೆ ಮುಖ ಮಾಡಿಸಿ ಕೂರಿಸಿದಳು. ಆಂಟಿ ತಲೆಯ ಮೇಲೆ ಸೆರಗು ಹೊದ್ದರು. ಅಜ್ಜಿಗೆ ಅದು ಬಹಳ ಮೆಚ್ಚಿಕೆಯಾಯಿತು. ಬಾಗಿಲಲ್ಲಿ ತಾನೇ ಕೂತಳು, ಹೂ ಕಟ್ಟುತ್ತಾ...

ಅಂದಿನಿಂದ ಅದೇ ರೂಢಿಯಾಯಿತು. ಅಜ್ಜಿಗಿದ್ದದ್ದು ಒಂದೇ ಕೊರಗು. "ಮಣಿ ಇಲ್ದೆ ಹೇಗಮ್ಮ ಎಣಿಸ್ತೀಯ?"

"ಎಣಿಸ್ಲಿಕ್ಕಿಲ್ಲ ಅಜ್ಜಿ."

"ಲೆಕ್ಕವಿಲ್ಲದ ಜಪ! ನೋಡೇ, ಅದು ಸಾಧನೆ ಅಂದ್ರೆ" ಎಂದು ನನ್ನನ್ನು ಚುಚ್ಚಿದಳು.

ಹೈಸ್ಕೂಲಿನಲ್ಲಿದ್ದರೂ ನಾನಾಗಲೇ ವಾದಕ್ಕೆ ಹುಟ್ಟಿದವಳು. ಒಂದು ದಿನ ಕೇಳಿದೆ: "ಆಂಟಿ, ಅಲ್ಲಿ ಕೂತು ಏನು ಬೇಡಿಕೊಳ್ತೀರಿ?"

"ಬೇಡುವುದು ಎಂತ ಮಾರಾಯ್ತಿ! ಬೆಳಗ್ಗಿನಿಂದ ಎಲ್ಲರೂ ನನ್ನ ಹತ್ರ ಬೇಡ್ತಾರೆ. ಸಿಸ್ಟರ್ ನೀರು, ಅಮ್ಮಾ ಚಡ್ಡಿ. ನಾನೂ ಹೋಗಿ ಹಾಗೇ ಶುರು ಮಾಡಿದ್ರೆ ದೇವರಿಗೂ ನನ್ನದೇ ಗತಿ. ಸುಮ್ಮನೆ ಕೂರುವುದು."

"ದೇವರು ಎಲ್ಲಾ ಕಡೆ ಇದ್ದಾನೆ ಅಂತೀರಿ. ನಲ್ಲಿ ಹತ್ರಾನೂ ಇರ್ತಾನಲ್ಲ, ಅಲ್ಲೇ ಮಾಡಬಹುದಲ್ಲ? ಮಾಡೋ ಕೆಲಸವೇ ಪ್ರಾರ್ಥನೆ ಅಂತಾರಪ್ಪ ನಿಮ್ಮೋರು."

ಆಂಟಿ ನಕ್ಕರು. "ಕೆಲಸ ಕೆಲಸವೇ. ನಲ್ಲಿ ಹತ್ರ ಅವನು ಇರ್ತಾನೆ. ನಾನು ಇರುವುದಿಲ್ಲ."

 

ಆಮೇಲೆ ಒಂದು ದಿನ ಸಂಘದ ಕಾರ್ಯದರ್ಶಿ ಆಂಟಿಯನ್ನು ಹುಡುಕಿಕೊಂಡು ನಮ್ಮ ಬಾಗಿಲಿಗೆ ಬಂದರು. ಅಜ್ಜಿ ತನ್ನ ಹರಕು ತಮಿಳಿನಲ್ಲಿ, ಜಪದಲ್ಲಿದ್ದಾಳೆ, ಕೂಗಕೂಡದು, ಎಂದಳು. ಜಪ! ಮಂತ್ರ, ಮಣಿ, ವಿಗ್ರಹ... ಆ ಹೆಂಗಸಿನ ಮುಖ ಬಿಳಿಚಿಕೊಂಡಿತು. ಸುದ್ದಿ ಭಾನುವಾರದೊಳಗೆ ಚರ್ಚನ್ನೆಲ್ಲ ಸುತ್ತಿತು.

ವಿಚಾರಣೆಗೆ ಪಾದ್ರಿಯೇ ಬಂದರು. ತಮಿಳು ಚರ್ಚುಗಳಲ್ಲಿ ಪಾದ್ರಿಗಳನ್ನು ಅಯ್ಯರ್ ಎನ್ನುತ್ತಾರೆ. "ಅಯ್ಯರ್ ವಂದಿರುಕ್ಕಾರ್" ಎಂದು ಕಾರ್ಯದರ್ಶಿ ಹೊರಗಿನಿಂದ ಕೂಗಿದ್ದೇ ತಡ, ಬ್ರಾಹ್ಮಣರಾರೋ ಬಂದರೆಂಬಂತೆ ಅಜ್ಜಿ ಬೆಳ್ಳಿ ಲೋಟದಲ್ಲಿ ಕಾಫಿ ತಂದಳು. ಬಿಳಿ ನಿಲುವಂಗಿಯನ್ನೂ ಶಿಲುಬೆಯನ್ನೂ ಮೇಲಿಂದ ಕೆಳಗೆ ನೋಡಿದಳು. ಲೋಟ ಹಿಂದೆಗೆಯಲಿಲ್ಲ.

"ಅಯ್ಯರೇ, ಜಪಕ್ಕೆ ಕೂತೋರನ್ನ ಎಬ್ಬಿಸಬಹುದು ಅಂತ ನಿಮ್ಮ ಶಾಸ್ತ್ರದಲ್ಲಿದೆಯಾ?"

ನಾನು ಅದನ್ನು ತಮಿಳಿಗೆ ತಿರುಗಿಸಿದೆ. ಪಾದ್ರಿ ಒಳಗೆ ಇಣುಕಿದರು. ಅಕ್ಕಿ ಡಬ್ಬದ ಪಕ್ಕ ಸೆರಗು ಹೊದ್ದ ಬೆನ್ನು, ಎದುರಿಗೆ ಬರೀ ಸುಣ್ಣದ ಗೋಡೆ. "ಇಲ್ಲಮ್ಮಾ" ಎಂದು ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಆಂಟಿ ಏಳುವವರೆಗೂ ಕಾದರು.

ಪಾದ್ರಿ ಒಪ್ಪಿದರೂ ಸಂಘದ ಹೆಂಗಸರು ಒಪ್ಪಲಿಲ್ಲ. ಆ ಮನೆಯ ಮೂಲೆ ಬಿಡಬೇಕು, ಇಲ್ಲವೇ ಅಧ್ಯಕ್ಷಗಿರಿ ಬಿಡಬೇಕು ಎಂದರು. ಆಂಟಿ ಅಧ್ಯಕ್ಷಗಿರಿ ಬಿಟ್ಟರು. "ಸಂಘ ಯಾರು ಬೇಕಾದ್ರೂ ನಡೆಸ್ತಾರೆ. ಇದನ್ನು ನನ್ನ ಬದಲಿಗೆ ಯಾರು ಕೂರ್ತಾರೆ?" ಎಂದರು. ತಾವೇ ಕಟ್ಟಿದ ಸಂಘ. ಆ ಹೆಂಗಸರು ಬಹಳ ಕಾಲ ಅವರೊಡನೆ ಮಾತು ಬಿಟ್ಟಿದ್ದರು. ಆಂಟಿ ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಸರಿದರು. ಅದು ಅವರಿಗೆ ನೋಯಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಗಂಡ ನಿವೃತ್ತರಾಗಿ ತಾಂಬರಂ ಕಡೆಗೆ ಮನೆ ಬದಲಿಸುವವರೆಗೂ ಸಂಜೆಗಳಲ್ಲಿ ಅವರು ನಮ್ಮ ಮನೆಯಲ್ಲೇ ಕೂತರು...

ಕಳೆದ ಭಾನುವಾರದ ಸಭೆಯಲ್ಲಿ ಮೊಣಕಾಲಿನ ಕತೆಯನ್ನು ಮೊದಲು ಹೇಳಿದ್ದು ಅದೇ ಕಾರ್ಯದರ್ಶಿ. ಅವರ ಕಣ್ಣೀರು ಸುಳ್ಳಾಗಿರಲಿಲ್ಲ. ಅದಕ್ಕೇ ನಾನು ಎದ್ದು ಆಕ್ಷೇಪಿಸಲಿಲ್ಲ.

ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿದೆ. ತೊಂಬತ್ತು ದಾಟಿದ ಅವಳಿಗೆ ಈಗ ಕಣ್ಣು ಮಂದ, ಕಿವಿ ಚುರುಕು. "ಅಷ್ಟು ಮಂದಿ ಸೇರಿ ಅವಳ ಹೆಸರಲ್ಲಿ ಒಂದು ಗಳಿಗೆ ಸುಮ್ಮನೆ ಕೂರಲಿಲ್ವೇ?" ಎಂದಳು. ಇಲ್ಲ, ಎಲ್ಲರೂ ಮಾತಾಡಿದರು, ಎಂದೆ. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಇಷ್ಟು ವರ್ಷ ಕೇಳಬೇಕೆಂದು ನನಗೆ ಹೊಳೆದೇ ಇರದಿದ್ದ ಮಾತು ಆಗ ಬಾಯಿಗೆ ಬಂತು.

"ಅಜ್ಜಿ, ಮದುವೆಯಾದಾಗಿನಿಂದ ಪೆರಂಬೂರಲ್ಲೇ ಇದ್ದೀಯ. ಜೆಬ ಬೇರೆ, ಜಪ ಬೇರೆ ಅಂತ ನಿನಗೆ ನಿಜವಾಗ್ಲೂ ಗೊತ್ತಿರಲಿಲ್ವಾ?"