ಕೊಸರಿಗೆ ಕಾಲಂ ಇಲ್ಲ

೧೯೭೧ರಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟವನು, ದುಡಿದು ಹಿರಿಯೂರಿನಲ್ಲಿ ಮಂಡಕ್ಕಿ ಅಂಗಡಿ ಇಟ್ಟೆ. ಸೇರು ಅಳೆದ ಮೇಲೆ ಒಂದು ಬೊಗಸೆ ಕೊಸರು ಹಾಕದೆ ಯಾರನ್ನೂ ಕಳಿಸಿದವನಲ್ಲ. ಭತ್ತ ತುಟ್ಟಿಯಾದ ವರ್ಷ ಎದುರಂಗಡಿಯವನು ದರ ಮುಟ್ಟದೆ ಕೊಸರು ನಿಲ್ಲಿಸಿದ. ನಾನು ಕೊಸರು ಬಿಡಲಾರದೆ ಸೇರಿಗೆ ನಾಲ್ಕಾಣೆ ಏರಿಸಿದೆ. ಗಿರಾಕಿಗಳೆಲ್ಲ ರಸ್ತೆ ದಾಟಿದರು.

ಆ ವಾರವೇ ಸರ್ಕಾರಿ ಸಾಹೇಬರು ಬಂದರು. ಅಂಗಡಿಗಳ ದರ ಬರೆದುಕೊಂಡು ದೇಶದ ಬೆಲೆಯೇರಿಕೆ ಅಳೆಯುವುದು ಅವರ ಕೆಲಸ. ಎದುರಂಗಡಿಗೆ ‘ಬದಲಾವಣೆ ಇಲ್ಲ’ ಎಂದು ಬರೆದರು, ನನಗೆ ‘ಏರಿಕೆ’.

“ಸಾಹೇಬ್ರೇ, ಅವನು ಕೊಸರೇ ನಿಲ್ಸವ್ನೆ, ಅದನ್ನೂ ಬರ್ಕಳ್ರಿ.”

“ಕೊಸರಿಗೆ ಕಾಲಂ ಇಲ್ಲ ಕಣಪ್ಪ.”

ಹೀಗೆ ಹಿರಿಯೂರಿನ ಪರವಾಗಿ ದೇಶದ ಹಣದುಬ್ಬರವನ್ನು ನಾನೊಬ್ಬನೇ ಹೊತ್ತೆ. ಸನ್ಮಾನವೊಂದೇ ಬಾಕಿ!

ಆಮೇಲೊಂದು ಸಂತೆಯ ದಿನ, ಕುರಿ ಮಾರಲು ಬಂದ ಹರಿಯಬ್ಬೆ ಹಳ್ಳಿಯ ಅಜ್ಜಿ ಎದುರಂಗಡಿ ಬಿಟ್ಟು ನನ್ನ ಮುಂದೆ ಸೆರಗೊಡ್ಡಿದಳು.

“ನಂದು ತುಟ್ಟಿ ಐತಲ್ಲಜ್ಜಿ?” ಎಂದು ಚುಚ್ಚಿದೆ.

“ಸುಮ್ನೆ ಅಳಿಯೋ. ಸೇರು ಮನೆಗಾತು, ದಾರೀಲಿ ನಾನೇನು ಗಾಳಿ ತಿನ್ಲಾ?”

ಅವಳ ಹಿಂದೆಯೇ ಉಳಿದವರೂ ಬಂದರು. ಸಾಹೇಬರ ಕಾಲಮ್ಮಿನಲ್ಲಿ ಅದೂ ಇರಲಿಲ್ಲ.

ಈಗ ನನಗೆ ಎರಡು ಅಂಗಡಿ, ಅಳೆಯಲು ನಾಲ್ಕು ಸೇರು, ಕೊಸರಿಗೆ ಅದೇ ಒಂದು ಬೊಗಸೆ.